ಡೀಸೆಲ್ ಬಕೆಟ್ಟಿನಲ್ಲಿ ಬಂದ ಪೆಟ್ಟಿಗೆ

ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ನಾನು ಮೊದಲು ಹೇಳುವುದು ಇಷ್ಟೇ. ನೀರು ಕುಡಿದ ಸಾಮಾನು ತಂದವರ ಹತ್ತಿರ "ಏನಾಯ್ತು" ಎಂದು ಕೇಳಬೇಡಿ. "ನೀರಿಂದ ತೆಗೆದ ಮೇಲೆ ನೀವೆಂತ ಮಾಡಿದ್ರಿ" ಎಂದು ಕೇಳಿ. ನೀರು ಮಾಡುವ ಹಾಳಿಗೆ ಒಂದು ಮಿತಿ ಉಂಟು, ಮನುಷ್ಯರು ಮಾಡುವುದಕ್ಕೆ ಇಲ್ಲ ಮಾರಾಯ್ರೆ! ಮೊಬೈಲನ್ನು ಕುಚ್ಚಲಕ್ಕಿ ಡಬ್ಬದಲ್ಲಿ ಹುಗಿದು, ಒಳಗೆಲ್ಲ ತೌಡು ತುಂಬಿಸಿ ತಂದವರಿದ್ದಾರೆ. ಒಣಮೀನಿನ ಜೊತೆ ಚಾಪೆ ಮೇಲೆ ಬಿಸಿಲಿಗೆ ಹಾಕಿ ತಂದವರಿದ್ದಾರೆ. ಬೈಂದೂರಿನ ಒಬ್ಬ ಜೀಪ್ ಡ್ರೈವರ್ ಅದನ್ನು ಬಚ್ಚಲೊಲೆ ಕಟ್ಟೆಯ ಮೇಲಿಟ್ಟು ಮರೆತು, ಅರ್ಧ ಕರಗಿದ ಮೇಲೆ ತಂದು, "ಒಂಚೂರ್ ಬಿಸಿ ಆಯಿತ್" ಎಂದ. ಆದರೆ ಡೀಸೆಲ್ ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ತಂದದ್ದು ನನ್ನ ಇಡೀ ಕಸುಬಿನಲ್ಲಿ ಒಂದೇ ಸಲ. ಆ ಕತೆ ಹೇಳಲಿಕ್ಕೇ ಇದನ್ನು ಬರೆಯಲು ಕೂತದ್ದು.

ನನ್ನ ಹೆಸರು ಸುಧಾಕರ. ಕುಂದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಕೋಣೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದೆ. ಕಣ್ಣು ಮಂಜಾಗಿ ಬೆರಳು ನಡುಗಲು ಶುರುವಾದ ಮೇಲೆ ಬಾಗಿಲು ಹಾಕಿ ಮನೆಯಲ್ಲಿದ್ದೇನೆ. ಕೊನೆಯ ಹತ್ತು ಹನ್ನೆರಡು ವರ್ಷ ನಾನು ಹೆಚ್ಚಾಗಿ ಮಾಡಿದ್ದು ರಿಪೇರಿಯಲ್ಲ, ಸತ್ತ ಸಾಮಾನಿನ ಒಳಗಿನ ನೆನಪು ತೆಗೆಯುವ ಕೆಲಸ. ಫ್ಲ್ಯಾಶ್ ಚಿಪ್ಪು ಎಂದರೆ ಕರೆಂಟು ಹೋದರೂ ಮರೆಯದ ಚಿಪ್ಪು. ಫೋನು, ಕ್ಯಾಮೆರಾ, ಬೋಟಿನ ಜಿಪಿಎಸ್, ಎಲ್ಲದರಲ್ಲೂ ಒಂದು ಕೂತಿರುತ್ತದೆ. ಸಾಮಾನು ಸತ್ತರೂ ಚಿಪ್ಪು ಬದುಕಿದ್ದರೆ, ಅದನ್ನು ಬೋರ್ಡಿನಿಂದ ಬಿಡಿಸಿ ಕಂಪ್ಯೂಟರಿಗೆ ಜೋಡಿಸಿ ಒಳಗಿದ್ದದ್ದನ್ನು ಓದಬಹುದು. ಹೇಳುವುದು ಇಷ್ಟು ಸುಲಭ!

ಕಸುಬು ಕಲಿಸಿದವರು ಭುಜಂಗಣ್ಣ. ಮುಂಬೈಯಲ್ಲಿ ಬಹಳ ವರ್ಷ ದುಡಿದು ಬಂದು ಬ್ರಹ್ಮಾವರದಲ್ಲಿ ಟಿವಿ ರಿಪೇರಿ ಅಂಗಡಿ ಹಾಕಿದ್ದರು. ೧೯೯೭ರಲ್ಲಿ ನಾನು ಅವರ ಹತ್ತಿರ ಸೇರಿದಾಗ ಟಿವಿಯೊಳಗೆ ಚಾನೆಲ್ ನೆನಪಿಡುವ ಎಂಟು ಕಾಲಿನ ಪುಟ್ಟ ಚಿಪ್ಪು ಬರಲು ಶುರುವಾಗಿತ್ತು. ಅವರದ್ದೊಂದು ಪದ್ಧತಿ. ಸತ್ತ ಸೆಟ್ಟು ಬಂದ ಕೂಡಲೇ ಅದರ ಪ್ಲಗ್ಗಿನ ವಯರಿಗೆ ಒಂದು ಗಂಟು ಹಾಕುವುದು. ಗಂಟು ಇದ್ದರೆ ಯಾರೂ ಸ್ವಿಚ್ ಹಾಕಿ ನೋಡುವಂತಿಲ್ಲ. "ಅರೆ ಸುಧಾಕರ, ಜಲ್ದಿ ಎಂತಕ್? ಚಿಪ್ ತನ್ನಷ್ಟಕ್ ಸಾಯ್ತಿಲ್ಲೆ. ಕರೆಂಟ್ ಕೊಟ್ ಕೊಲ್ಲೂದ್ ನಾವೇ" ಎನ್ನುತ್ತಿದ್ದರು. ಗಂಟು ಹಾಕಿ, ಚಾ ಕುಡಿದು, ಆಮೇಲೆ ಸ್ಕ್ರೂ ಡ್ರೈವರ್ ಮುಟ್ಟುವುದು. ಬಿಸಿಗಾಳಿಯಲ್ಲಿ ಬೆಸುಗೆ ಕರಗಿಸುವ ಮಿಶನ್ನು ನಾನು ತರಿಸಿದಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ ಕಟಿಂಗ್ ಶಾಪಿನದ್ದಲ್ದಾ, ತಲೆ ಒಣಗ್ಸೂದ್?" ಎಂದು ನಕ್ಕಿದ್ದರು. ಕೊನೆಯ ತನಕವೂ ಅದನ್ನು ಮುಟ್ಟಲಿಲ್ಲ. ಆದರೆ ಅವರ ಗಂಟಿನ ಪದ್ಧತಿಯನ್ನು ನಾನು ಬಿಡಲಿಲ್ಲ.

ಗಂಟು ಹಾಕಲು ವಯರೇ ಇಲ್ಲದ ಸಾಮಾನು ಬಂದಾಗ ಕಷ್ಟ. ಕೊಲ್ಲೂರಿನಲ್ಲಿ ಯಾತ್ರಿಕರ ಫೋಟೋ ತೆಗೆಯುವ ಒಬ್ಬರು ಒಂದು ಕ್ಯಾಮೆರಾ ಕಾರ್ಡು ತಂದಿದ್ದರು. ಕೇರಳದ ಒಂದು ಮನೆಯವರ ಮಗುವಿನ ಅಕ್ಷರಾಭ್ಯಾಸದ ಫೋಟೋಗಳನ್ನು ಕೈತಪ್ಪಿ ಪೂರಾ ಅಳಿಸಿಬಿಟ್ಟಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲ ಸಿಗುತ್ತಿತ್ತು. ಗಾಬರಿಯಲ್ಲಿ, ಕಾರ್ಡು ಸರಿ ಇದೆಯಾ ನೋಡುವ ಎಂದು ಲಾಡ್ಜಿನ ಮುಂದೆ ನಿಂತು ಹೋಗುವ ಬರುವ ಬಸ್ಸುಗಳ ಫೋಟೋ ಹೊಡೆದಿದ್ದರು! ಅಳಿಸಿದ ಜಾಗದ ಮೇಲೆಯೇ ಹೊಸತು ಬಂದು ಕೂರುತ್ತದೆ. ಹೆಚ್ಚಿನ ಫೋಟೋ ಸಿಕ್ಕಿತು. ಮಗು ಅಕ್ಕಿಯ ಮೇಲೆ ಬೆರಳಿಟ್ಟ ಫೋಟೋದ ಅರ್ಧಕ್ಕೆ ಮಾತ್ರ ಒಂದು ಬಸ್ಸು ಬಂದು ಕೂತಿತ್ತು. ಆ ಮನೆಯವರು ಅದನ್ನೂ ಖುಷಿಯಲ್ಲೇ ತೆಗೆದುಕೊಂಡು ಹೋದರಂತೆ. ಕಳೆದುಹೋದದ್ದು ಬೇಕಾದರೆ ಕೈ ಕಟ್ಟಿ ಕೂರಬೇಕು ಎನ್ನುವುದು ನನಗೆ ಆಗ ಚೆನ್ನಾಗಿ ಮನಸ್ಸಿಗೆ ಇಳಿಯಿತು.

ಈಗ ಬಕೆಟ್ಟಿನ ವಿಷಯ. ೨೦೦೭ರ ಆಸುಪಾಸು ಇರಬೇಕು. ಆಟಿ ತಿಂಗಳ, ಎಂದರೆ ಆಷಾಢದ ಮಳೆ ಸ್ವಲ್ಪ ಬಿಟ್ಟು ಹೊಳವಾಗಿತ್ತು. ಹಂಗಾರಕಟ್ಟೆಯ ಶೀನಣ್ಣ ಅಂಗಡಿಗೆ ಬಂದರು. ಅವರು ತಾಂಡೇಲ, ಎಂದರೆ ಮೀನಿನ ಬೋಟು ನಡೆಸುವ ಯಜಮಾನ. ದೊಡ್ಡ ಆಳು, ಕಡಿಮೆ ಮಾತು. ಅವರ ಹಿಂದೆ ಅವರ ತಮ್ಮನ ಹೆಂಡತಿ ಗಿರಿಜಕ್ಕ, ಕೊಡೆ ಮಡಚಿ ಬಾಗಿಲಲ್ಲಿ ನಿಂತಿದ್ದರು.

"ಹ್ವಾಯ್ ಸುಧಾಕರಣ್ಣ, ಇದೊಂಚೂರ್ ಕಾಣಿ" ಎಂದು ಶೀನಣ್ಣ ಬಕೆಟ್ಟನ್ನು ಮೇಜಿನ ಮೇಲೇ ಇಟ್ಟರು.

"ಇದೆಂತ ಶೀನಣ್ಣ, ಡೀಸೆಲ್ ವಾಸ್ನಿ?"

"ಬೋಟಿನ್ ಜಿಪಿಎಸ್ಸ್. ಮಳಿ ಹಿಡೂಕ್ ಮೊದ್ಲ್ ಒಳ್ಗ್ ಬಪ್ಪತಿಗೆ ಅಳಿವೆಯಂಗ್ ಬೋಟ್ ಮರಳ್ ದಿಬ್ಬಕ್ ಕೂತ್ತ್. ನಾವೆಲ್ಲ ಈಜಿ ದಡ ಸೇರ್ದ್ಯೊ, ಇದ್ ಮುಳ್ಗ್ತ್. ತೆಗ್ದ್, ಸೀನೀರಂಗ್ ತೊಳ್ದ್, ಡೀಸೆಲಿಗ್ ಹಾಕಿ ಇಟ್ಟಿದೆ."

"ಡೀಸೆಲಿಗೆ ಎಂತಕ್ಕೆ ಮಾರಾಯ್ರೆ? ಇದು ಇಂಜಿನ್ನಾ?"

"ಬೋಟಿನ್ ಸಾಮಾನೇ ಅಲ್ದಾ? ಇಂಜಿನ್ ಸಾಮಾನ್ ಉಪ್ಪುನೀರಿಗ್ ಬಿದ್ರೆ ನಾವ್ ಹೀಂಗೇ ಮಾಡೂದ್. ತುಕ್ಕ್ ಹಿಡಿತಿಲ್ಲೆ."

ಎರಡು ತಿಂಗಳು ಅದು ಡೀಸೆಲ್ಲಿನಲ್ಲಿ ನೆನೆದಿತ್ತು! ಗುಂಡಿಗಳ ರಬ್ಬರು ಉಬ್ಬಿ ಇಡ್ಲಿಯಂತಾಗಿತ್ತು. ಪೇಟೆಯ ದೊಡ್ಡ ಅಂಗಡಿಯೊಂದಕ್ಕೆ ಒಯ್ದಾಗ, ಅವರು ಮೂಗು ಮುಚ್ಚಿಕೊಂಡು ಇದನ್ನು ಬಿಸಾಡಿ ಹೊಸದು ತೆಗೆದುಕೊಳ್ಳಿ ಎಂದಿದ್ದರಂತೆ. ನಾನೂ ಹೆಚ್ಚು ಕಡಿಮೆ ಅದನ್ನೇ ಹೇಳುವವನಿದ್ದೆ. ಅಷ್ಟರಲ್ಲಿ ಗಿರಿಜಕ್ಕ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು.

"ಹೊಸ್ತ್ ತಕಂಡಿದ್ರ್ ಭಾವ. ಅದಲ್ಲ. ಇದ್ರೊಳ್ಗೆ ಅವ್ರ್ ಇದ್ರ್, ಅಣ್ಣ" ಎಂದರು.

ಆಮೇಲೆ ಅವರೇ ನಿಧಾನವಾಗಿ ಹೇಳಿದರು. ನಾಲ್ಕು ವರ್ಷದ ಹಿಂದೆ ಅವರ ಗಂಡ ಚಂದ್ರ ಇದೇ ಬೋಟಿನಲ್ಲಿ ಬಲೆ ಎಳೆಯುವಾಗ ಹಗ್ಗ ಕಾಲಿಗೆ ಸುತ್ತಿ ಕಡಲಿಗೆ ಬಿದ್ದಿದ್ದ. ಆ ಪೆಟ್ಟಿಗೆಯಲ್ಲಿ ಅದಕ್ಕೆಂದೇ ಒಂದು ಗುಂಡಿ ಇರುತ್ತದೆ, ಮನುಷ್ಯ ನೀರಿಗೆ ಬಿದ್ದ ಕೂಡಲೇ ಒತ್ತಬೇಕು. ಒತ್ತಿದ ಜಾಗವನ್ನು ಅದು ಗುರುತು ಹಾಕಿಕೊಳ್ಳುತ್ತದೆ. ಶೀನಣ್ಣ ಒತ್ತಿದ್ದರು. ಸುತ್ತಲಿನ ಬೋಟಿನವರೆಲ್ಲ ಸೇರಿ ಆ ಗುರುತಿನ ಸುತ್ತ ಎರಡು ದಿನ ಹುಡುಕಿದರೂ ಚಂದ್ರ ಸಿಗಲಿಲ್ಲ. ಉಳಿದದ್ದು ಆ ಗುರುತೊಂದೇ. ಪ್ರತಿ ವರ್ಷ ಮಳೆ ಮುಗಿದು ಬೋಟು ಮೊದಲ ಸಲ ಹೊರಟಾಗ ಗಿರಿಜಕ್ಕ ಬಾಳೆಲೆಯಲ್ಲಿ ಸತ್ತವರಿಗೆ ಬಡಿಸುವ ಎಡೆ ಕಟ್ಟಿ ಕೊಡುತ್ತಿದ್ದರು. ಶೀನಣ್ಣ ಗುರುತು ನೋಡಿಕೊಂಡು ಅಲ್ಲಿಗೇ ಹೋಗಿ, ಇಂಜಿನ್ ನಿಲ್ಲಿಸಿ, ಅದನ್ನು ನೀರಿಗೆ ಬಿಟ್ಟು ಬರುತ್ತಿದ್ದರು.

"ಅವ್ರಿಗ್ ಮೀನ್ ಸೇರ್ತಿರ್ಲಿಲ್ಲೆ ಕಾಣಿ" ಎಂದರು ಗಿರಿಜಕ್ಕ. "ಬೋಟಿಗ್ ಹೋಪು ಗಂಡ್ಸ್, ಮೀನ್ ಕಂಡ್ರೆ ಮುಖ ತಿರ್ಸೂದ್. ಹುರುಳಿ ಚಟ್ನಿ ಇದ್ರೆ ಬೇರೆಂತದೂ ಬ್ಯಾಡ. ಈಗ ಸುತ್ತ ಬರೀ ಮೀನೇ. ಎಂತ ಉಣ್ತ್ರೋ." ಹೇಳಿ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು.

ಗುರುತಿನ ನಂಬರನ್ನು ಎಲ್ಲಾದರೂ ಬರೆದಿಡಬಹುದಿತ್ತಲ್ಲ ಎಂದು ನಿಮಗೆ ಅನಿಸುತ್ತದೆ. ನಾನೂ ಕೇಳಿದೆ. ತಾಂಡೇಲರು ಗುರುತನ್ನು ಎಲ್ಲೂ ಬರೆಯುವುದಿಲ್ಲ. ಮೀನು ಸಿಗುವ ಜಾಗ, ಬಲೆ ಹರಿಯುವ ಕಲ್ಲಿನ ಜಾಗ, ಇವೇ ಅವರ ಆಸ್ತಿ. ಬೇರೆಯವರು ಹತ್ತಿರ ಬಂದರೆ ಜಿಪಿಎಸ್ಸಿನ ಮೇಲೆ ಬೈರಾಸು, ಎಂದರೆ ಹೆಗಲ ಟವೆಲು, ಹೊದೆಸಿಬಿಡುತ್ತಾರೆ. ಅದೂ ಅಲ್ಲದೆ, ಸಾವಿನ ಜಾಗವನ್ನು ಮನೆಯೊಳಗೆ ಬರೆದಿಡುವುದು ಬೇಡ ಎಂದು ಅವರ ತಾಯಿ ಹೇಳಿದ್ದರಂತೆ.

"ಮೀನಿನ್ ಗುರ್ತೆಲ್ಲ ಹೋರೂ ಅಡ್ಡಿಲ್ಲೆ, ಮತ್ತೆ ಹುಡ್ಕ್ಲಕ್ಕ್" ಎಂದರು ಶೀನಣ್ಣ. "ಅದೊಂದ್ ಸಿಕ್ರೆ ಸಾಕ್. ಇನ್ನ್ ಹತ್ ದಿನಕ್ ಬೋಟ್ ಹೊರಡತ್ತ್."

"ಕಾಂಬ" ಎಂದೆ, ನೋಡೋಣ ಎಂದಷ್ಟೇ. ಅದಕ್ಕಿಂತ ಹೆಚ್ಚಿನ ಮಾತು ಕೊಡಬೇಡಿ ಎಂದೇ ಹೊಸಬರಿಗೂ ಹೇಳುತ್ತೇನೆ. ಪೆಟ್ಟಿಗೆಯ ಬ್ಯಾಟರಿ ವಯರಿಗೆ ಭುಜಂಗಣ್ಣನ ಹಾಗೆ ಒಂದು ಗಂಟು ಹಾಕಿದೆ.

ಮರುದಿನ ಬಿಚ್ಚಿ ನೋಡಿದರೆ ಆಶ್ಚರ್ಯ! ಉಪ್ಪುನೀರು ಕುಡಿದ ಬೋರ್ಡುಗಳಲ್ಲಿ ಹಸಿರು ಕಿಲುಬು ಹಿಡಿದು ಚಿಪ್ಪಿನ ಕಾಲುಗಳೇ ತಿಂದುಹೋಗಿರುತ್ತವೆ. ಇದರಲ್ಲಿ ಒಂದು ಕಾಲಿಗೂ ತೊಂದರೆಯಿಲ್ಲ. ಸಿಹಿನೀರಿನಲ್ಲಿ ತೊಳೆದದ್ದು ಒಳ್ಳೆಯದಾಯಿತು, ಡೀಸೆಲ್ಲು ಗಾಳಿಯನ್ನು ತಡೆದಿತ್ತು. ಹಾಗೆಂದು ನೀವು ಡೀಸೆಲಿಗೆ ಹಾಕಲು ಹೋಗಬೇಡಿ. ಪರದೆ, ಗುಂಡಿ, ಅಂಟು ಎಲ್ಲ ಹಾಳಾಗಿತ್ತು. ನಮಗೆ ಬೇಕಾದದ್ದು ಮಾತ್ರ ಉಳಿದಿತ್ತು, ಅದು ನಮ್ಮ ಪುಣ್ಯ.

ಚಿಪ್ಪು ಬೆಂಕಿಪೆಟ್ಟಿಗೆಯ ಅರ್ಧದಷ್ಟು, ಎರಡು ಬದಿಗೂ ಸಾಲು ಕಾಲು, ಚೇರಟೆ ಹುಳದ ಹಾಗೆ. ಬೋರ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಬಿಸಿಗಾಳಿ ಹಿಡಿದೆ. ಶೀನಣ್ಣ, ಗಿರಿಜಕ್ಕ ಇಬ್ಬರೂ ಕೂತು ನೋಡುತ್ತಿದ್ದರು. ಚಿಪ್ಪಿನ ಅಡಿಯಲ್ಲಿ ಡೀಸೆಲ್ಲು ಅಡಗಿ ಕೂತಿದ್ದು ನನ್ನ ತಲೆಗೆ ಹೋಗಲಿಲ್ಲ. ಒಮ್ಮೆಲೇ ಬುಸ್ಸೆಂದು ಹೊಗೆ ಎದ್ದಿತು. ಶೀನಣ್ಣ ಎದ್ದವರೇ ಮೂಲೆಯಲ್ಲಿದ್ದ ಕೊಡಪಾನ ಎತ್ತಿಕೊಂಡು ಬಂದರು.

"ನೀರ್ ಹಾಕ್ಬೇಡಿ ಮಾರಾಯ್ರೆ!" ಎಂದು ನಾನು ಬೊಬ್ಬೆ ಹೊಡೆದೆ.

"ಒಂದ್ಸಲ ಮುಳ್ಗ್ಸಿದ್ದ್ ಸಾಕ್ ಭಾವ" ಎಂದರು ಗಿರಿಜಕ್ಕ. ಮೂವರೂ ಕೆಮ್ಮುತ್ತ ಹೊರಗೆ ಬಂದು ನಿಂತೆವು. ಹೊಗೆಯ ಜೊತೆ ಬೆಂಕಿಯೂ ಹತ್ತಿದ್ದರೆ ಚಂದ್ರನ ಗುರುತೂ ಹೋಗುತ್ತಿತ್ತು.

ಮತ್ತೆ ಆತುರ ಮಾಡಲಿಲ್ಲ. ಸಂದಿ ಸಂದಿಗೆ ಸ್ಪಿರಿಟ್ಟು ಬಿಟ್ಟು, ಬ್ರಶ್ಶಿನಲ್ಲಿ ತಿಕ್ಕಿ, ಪೂರಾ ಆರಲು ಬಿಟ್ಟೆ. ಮರುದಿನ ಚಿಪ್ಪು ಮೆತ್ತಗೆ ಎದ್ದು ಬಂತು. ಓದುವ ಮಿಶನ್ನಿಗೆ ಹಾಕಿದರೆ ಕಂಪ್ಯೂಟರಿನಲ್ಲಿ ಉದ್ದಕ್ಕೂ ಒಂದೇ ಅಕ್ಷರ. ಹಾಗೆ ಬಂದರೆ ಒಳಗೆ ಖಾಲಿ ಎಂದರ್ಥ. ಹೊಸಬರು ಇಲ್ಲಿಯೇ ಕೈಬಿಡುತ್ತಾರೆ. ಬಿಡಬೇಡಿ. ಹೆಚ್ಚಿನ ಸಲ ಚಿಪ್ಪು ಖಾಲಿಯಾಗಿರುವುದಿಲ್ಲ, ಕಾಲುಗಳಲ್ಲಿ ಕೊಳೆ ಇರುತ್ತದೆ. ಶಾಲೆ ಮಕ್ಕಳ ರಬ್ಬರಿನಲ್ಲಿ ಪ್ರತಿ ಕಾಲನ್ನೂ ಉಜ್ಜಿ ಮತ್ತೆ ಇಟ್ಟೆ. ಈ ಸಲ ಪರದೆ ತುಂಬ ಅಂಕಿಗಳು ಓಡಿದವು.

ಅಂಕಿ ಬಂದರೆ ಆಗಲಿಲ್ಲ, ಅದರಲ್ಲಿ ಯಾವುದು ಯಾವ ಜಾಗ ಎಂದು ತಿಳಿಯಬೇಕು. ಪೆಟ್ಟಿಗೆ ಸತ್ತ ಮೇಲೆ ಹೇಳುವವರು ಯಾರು? ಶೀನಣ್ಣನ ಹತ್ತಿರ ಕೇಳಿದೆ, "ಖಂಡಿತ ಗುರುತು ಹಾಕಿದ, ನಮಗೂ ಗೊತ್ತಿರುವ ಜಾಗ ಒಂದು ಹೇಳಿ." ಅವರು ಹಂಗಾರಕಟ್ಟೆಯ ದಕ್ಕೆ, ಬೋಟು ಕಟ್ಟುವ ಜಾಗ, ಎಂದರು. ಅವರ ಹೊಸ ಪೆಟ್ಟಿಗೆ ಹಿಡಿದು ಅಲ್ಲಿಗೆ ಹೋಗಿ ಆ ಜಾಗದ ಅಂಕಿ ಬರೆದುಕೊಂಡು ಬಂದೆ. ಅದನ್ನು ಲೆಕ್ಕ ಮಾಡಿ ಚಿಪ್ಪಿನಲ್ಲಿ ಹುಡುಕಿದಾಗ ಸಿಕ್ಕಿತು! ಅದರ ಪಕ್ಕದಲ್ಲೇ ಒಂದು ಸಣ್ಣ ಅಂಕಿ, ಆ ಗುರುತಿಗೆ ಯಾವ ಚಿತ್ರ ಎನ್ನುವುದಕ್ಕೆ. ಶೀನಣ್ಣ ಗುರುತುಗಳಿಗೆ ಹೆಸರು ಇಟ್ಟವರಲ್ಲ, ಚಿತ್ರ ಮಾತ್ರ ಇಡುತ್ತಿದ್ದರು. ಮೀನು ಇದ್ದಲ್ಲಿ ಮೀನಿನ ಚಿತ್ರ, ಬಲೆ ಹರಿಯುವಲ್ಲಿ ತಲೆಬುರುಡೆ, ದಕ್ಕೆಗೆ ಮನೆ.

ಒಂದು ಸಿಕ್ಕಿದ ಮೇಲೆ ಉಳಿದದ್ದು ಹಗ್ಗ ಎಳೆದಂತೆ ಬಂತು. ಅವರ ಇಡೀ ಆಯುಷ್ಯದ ಗುರುತುಗಳು ನನ್ನ ಪರದೆಯ ಮೇಲೆ ಸಾಲಾಗಿ ನಿಂತವು. ಶೀನಣ್ಣ ಎದ್ದು ಹೋಗಿ ಅಂಗಡಿ ಬಾಗಿಲು ಹಾಕಿ, ಹೆಗಲ ಬೈರಾಸನ್ನು ಕಿಟಕಿಗೆ ಕಟ್ಟಿದರು. ಈ ಸುದ್ದಿ ಹೇಗೋ ಹೊರಗೆ ಬಿದ್ದು, ಆಮೇಲೆ ಎಷ್ಟೋ ದಿನ ಬೇರೆ ಬೋಟಿನವರು ನಮ್ಮ ಮನೆಗೆ ದೊಡ್ಡ ದೊಡ್ಡ ಅಂಜಲ್ ಮೀನು ಹಿಡಿದುಕೊಂಡು ಬಂದು, "ಸುಧಾಕರಣ್ಣ, ಎರಡೇ ಎರಡ್ ಗುರ್ತ್ ಹೇಳಿ" ಎಂದು ಪೀಡಿಸುತ್ತಿದ್ದರು. ಎಲ್ಲ ಅಳಿಸಿ ಆಗಿದೆ ಎಂದು ಕಳಿಸುತ್ತಿದ್ದೆ. ಅಂಜಲ್ ತಿರುಗಿ ಹೋಗುವಾಗ ನನ್ನ ಹೆಂಡತಿಯ ಮುಖ ನೋಡಬೇಕಿತ್ತು!

ಆದರೆ ಆ ದಿನ ನಾವು ಹುಡುಕುತ್ತಿದ್ದದ್ದು ಒಂದೇ ಗುರುತು. ಮನುಷ್ಯ ಬಿದ್ದಾಗ ಒತ್ತುವ ಗುಂಡಿಗೆ ಪೆಟ್ಟಿಗೆಯೇ ಒಂದು ಚಿತ್ರ ಹಾಕುತ್ತದೆ, ನೀರಿನಲ್ಲಿ ಕೈ ಎತ್ತಿದ ಮನುಷ್ಯನದ್ದು. ಆ ಚಿತ್ರದ ಅಂಕಿ ಯಾವುದು ಎಂದು ಅದೇ ಜಾತಿಯ ಬೇರೊಂದು ಪೆಟ್ಟಿಗೆಯಿಂದ ತಿಳಿದುಕೊಂಡಿದ್ದೆ. ಮೇಲಿನಿಂದ ಕೆಳಗೆ ನೋಡಿದೆ. ಇಲ್ಲ. ಕೆಳಗಿನಿಂದ ಮೇಲೆ ನೋಡಿದೆ. ಮೀನು, ಬುರುಡೆ, ಮೀನು, ಮೀನು. ಕೈ ಎತ್ತಿದ ಮನುಷ್ಯ ಎಲ್ಲೂ ಇಲ್ಲ.

"ಎಲ್ಲ ಬಂತ್ ಗಿರಿಜಕ್ಕ, ಅದೊಂದ್ ಇಲ್ಲೆ" ಎಂದೆ. ಬೇರೆ ಸಾವಿರ ಸಿಕ್ಕಿ ಅದೊಂದು ಸಿಗದಿದ್ದರೆ ಈ ಕೆಲಸ ಯಾಕೆ ಬೇಕಿತ್ತು ಎಂದು ನನಗೇ ಸಿಟ್ಟು ಬಂತು.

ಗಿರಿಜಕ್ಕ ಕೊಡೆ ಕೈಗೆ ತೆಗೆದುಕೊಂಡರು. "ಹೋಯ್ಲಿ ಬಿಡಿ ಅಣ್ಣ. ನೀವ್ ಎಂತ ಮಾಡೂದ್? ಕಡ್ಲ್ ಎಲ್ಲ ಒಂದೇ ಅಲ್ದಾ" ಎಂದರು. ಆದರೆ ಏಳಲಿಲ್ಲ, ಹಾಗೇ ಕೂತಿದ್ದರು.

"ಬುರುಡೆ ಇಟ್ಟಿರಬಹುದಾ ಶೀನಣ್ಣ?" ಎಂದು ಕೇಳಿದೆ. "ಬುರುಡೆಗಳಲ್ಲಿ ಯಾವುದಾದರೂ ಒಂದು..."

ಕಡಿಮೆ ಮಾತಿನ ಆ ಮನುಷ್ಯ ಅವತ್ತೇ ಮೊದಲ ಸಲ ನನ್ನ ಮೇಲೆ ರೇಗಿದ್ದು. "ಎಂತ ಹೇಳ್ತ್ರಿ ನೀವ್? ನನ್ ತಮ್ಮನಿಗ್ ನಾನ್ ತಲೆಬುರುಡೆ ಇಡ್ತ್ನಾ?"

ಆಮೇಲೆ ಅವರು ಗೋಡೆ ನೋಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು. "ಆ ಪೆಟ್ಗಿ ಹಾಕಿದ್ ಚಿತ್ರ ನಂಗ್ ಕಾಂಬುಕಾಯ್ಲಿಲ್ಲೆ ಸುಧಾಕರಣ್ಣ. ಪ್ರತಿ ಸಲ ಆ ಬದಿಗ್ ಹೋಪತಿಗೆ ಕೈ ಎತ್ತ್‌ಕಂಡ್ ನಿತ್ಕಂತಿದ್ದ. ಅದ್ಕೆ ತೆಗ್ದೆ. ತೆಗ್ದ್ ಮನಿ ಚಿತ್ರ ಹಾಕ್ದೆ."

"ಮನಿಯಾ?"

"ಹೂಂ. ದಕ್ಕೆಗ್ ಹಾಕಿದ್ದೇ ಮನಿ. ಯಾರಿಗೂ ಹೇಳ್ಲಿಲ್ಲೆ. ಹೇಳೂದೆಂತ ಅದ್ನೆಲ್ಲ."

ನಾನು ಮನೆಯ ಅಂಕಿ ಹಾಕಿ ಹುಡುಕಿದೆ. ಎರಡು ಬಂದವು. ಒಂದು ದಕ್ಕೆ. ಇನ್ನೊಂದು ಪಡುವಣಕ್ಕೆ, ಸುತ್ತ ಮೀನು ಬುರುಡೆ ಒಂದೂ ಇಲ್ಲದ ಜಾಗದಲ್ಲಿ, ದೂರ ಕಡಲಿನ ನಡುವೆ. ನಾನು ಪರದೆಗೆ ಬೆರಳಿಟ್ಟು ತೋರಿಸಿದೆ. ಶೀನಣ್ಣ ಹತ್ತಿರ ಬಂದು ಅಂಕಿ ಓದಿ, "ಅದೇ" ಎಂದರು. ಆ ದೊಡ್ಡ ಆಳು ಅಲ್ಲೇ ಮೇಜು ಹಿಡಿದುಕೊಂಡು ಅತ್ತರು. ನಾನೂ ಅತ್ತೆ, ಅದರಲ್ಲಿ ನಾಚಿಕೆಯೇನು.

ಹೊಸ ಪೆಟ್ಟಿಗೆಗೆ ಎರಡೂ ಗುರುತು ಹಾಕಿ, ಎರಡಕ್ಕೂ ಮನೆಯ ಚಿತ್ರವನ್ನೇ ಇಟ್ಟು ಕೊಟ್ಟೆ. ಆಕಾಶ ಕಾಣದೆ ಜಿಪಿಎಸ್ಸು ಕೆಲಸ ಮಾಡುವುದಿಲ್ಲ, ಹಾಗಾಗಿ ಮೂವರೂ ಅಂಗಡಿಯ ಹೊರಗೆ ಬಂದೆವು. ಮಳೆ ಬಿಟ್ಟಿತ್ತು. ಬಸ್ಸಿಗೆ ಓಡುವವರ ನಡುವೆ ಗಿರಿಜಕ್ಕ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಪರದೆಯ ಮೇಲೆ ಎರಡು ಪುಟ್ಟ ಮನೆ, ನಡುವೆ ಒಂದು ಗೆರೆ.

"ಇದ್ ನಮ್ ಮನಿ ಬದಿ" ಎಂದರು ಶೀನಣ್ಣ ದಕ್ಕೆಯನ್ನು ತೋರಿಸಿ.

"ಹಾಂಗಾರೆ ಇದ್ ಅವ್ರ್ ಮನಿ" ಎಂದು ಗಿರಿಜಕ್ಕ ಇನ್ನೊಂದರ ಮೇಲೆ ಬೆರಳಿಟ್ಟರು. ಪರದೆಯಲ್ಲಿ ಆ ಮನೆಯ ದಿಕ್ಕಿಗಿದ್ದ ಬಾಣದ ಗುರುತು ತೋರಿಸುವ ಕಡೆಗೆ ತಿರುಗಿ ಸ್ವಲ್ಪ ಹೊತ್ತು ನೋಡಿದರು. ಅಲ್ಲಿ ಕಾಣುತ್ತಿದ್ದದ್ದು ಎದುರಿನ ಬಟ್ಟೆ ಅಂಗಡಿ. ಆಮೇಲೆ ಪೆಟ್ಟಿಗೆಯನ್ನು ಭಾವನ ಕೈಗೆ ಕೊಟ್ಟು ಹೇಳಿದರು.

"ಈ ಸಲ ಎಡೆ ಕಟ್ಟೂದಿಲ್ಲೆ ಭಾವ. ಮನಿಯೊಳ್ಗ್ ಇಪ್ಪವ್ರಿಗ್ ಎಡೆ ಎಂತಕ್? ಬುತ್ತಿ ಕಟ್ಟಿ ಕೊಡ್ತೆ. ಹುರುಳಿ ಚಟ್ನಿ ಒಂಚೂರ್ ಜಾಸ್ತಿ ಹಾಕ್ತೆ."